ಗಾಜಿನ ಪಟ್ಟಿ

ಇದು ತಾನು ಅಂಟಿಸಿದ ಗಾಜೇ ಹೌದೆ? ಮಡಿ ಧೋತರ ಉಟ್ಟು ಬಸದಿಯ ಗರ್ಭಗುಡಿಯ ಗೋಡೆಗೆ ಮುಖ ತಂದು ನಿಂತ ಶ್ರೀಪಾಲ ಬ್ಯಾಟರಿಯನ್ನು ಇನ್ನೂ ಹತ್ತಿರ ಹಿಡಿದ. ಬಿರುಕಿಗೆ ಅಡ್ಡವಾಗಿ ಕೂತ ಗಾಜಿನ ಪಟ್ಟಿ ಇಡಿಯಾಗಿತ್ತು. ಆದರೆ ಅವನದು ತೆಳು ಗಾಜು, ಇದು ದಪ್ಪ. ಬಿರುಕಿನೊಳಗೆ ಈಗ ಬೆರಳ ತುದಿ ಹೋಗುತ್ತಿತ್ತು. ಅದು ಮೇಲಕ್ಕೆ ಹತ್ತಿ ಮಂಟಪದ ಚಪ್ಪಡಿಗಳ ಸಂದಿಯಲ್ಲಿ ಮರೆಯಾಗಿತ್ತು.

ಹೋದ ವರ್ಷ ಕಿಲ್ಲಾರಿಯಲ್ಲಿ ಭೂಮಿ ನಡುಗಿದ ಮೇಲೆ, ಅಥಣಿ ಸುತ್ತಿನ ಹಳೆಯ ಗುಡಿ ಬಸದಿಗಳು ಎಷ್ಟು ಗಟ್ಟಿಯೆಂದು ನೋಡಲು ಇಲಾಖೆ ಇಂಜಿನಿಯರನಾದ ಅವನನ್ನು ಕಳಿಸಿತ್ತು. ತನ್ನೂರಿನ ಈ ಬಸದಿಯ ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಅವನೇ ಗಾಜು ಅಂಟಿಸಿದ್ದ. ಗೋಡೆ ಕೂದಲೆಳೆಯಷ್ಟು ಸರಿದರೂ ಅದು ಒಡೆಯಬೇಕು. ಕಳೆದ ಸಲ ಬಂದಾಗ ಸ್ನಾನವಾಗಿರಲಿಲ್ಲ. ಹಾಗಾಗಿ ಗರ್ಭಗುಡಿಯ ಹೊಸ್ತಿಲಾಚೆಯಿಂದಲೇ ಬ್ಯಾಟರಿ ಬಿಟ್ಟು ನೋಡಿ, ಒಡೆದಿಲ್ಲ, ಹೆದರಿಕೆಯಿಲ್ಲ ಎಂದು ಬಸದಿಯ ಪಂಚರಿಗೆ ಹೇಳಿದ್ದ. ಆ ಮಾತು ನಂಬಿ ಅವರು ಮುನಿ ಮಹಾರಾಜರನ್ನು ಚಾತುರ್ಮಾಸಕ್ಕೆ ಆಹ್ವಾನಿಸಿ ಬಂದಿದ್ದರು. ಮಹಾರಾಜರು ಒಮ್ಮೆ ನೆಲೆ ನಿಂತರೆ ನಾಲ್ಕು ತಿಂಗಳು ಊರು ಬಿಡುವಂತಿಲ್ಲ. ಈಗಾಗಲೇ ಕಾಗವಾಡ ದಾಟಿ ನಡೆದು ಬರುತ್ತಿದ್ದರು.

"ಅತ್ತಿ, ಈ ಗಾಜ ಯಾರ ಹಚ್ಯಾರ?"

ಬಸದಿಯ ಕಸಗೆಲಸ ನೋಡಿಕೊಳ್ಳುವ ಸೋದರತ್ತೆ ಚಂದ್ರಮತಿ ಅಭಿಷೇಕದ ತಂಬಿಗೆ ತೊಳೆಯುತ್ತಿದ್ದಳು.

"ನಾನ. ನಿಂದು ನೀ ಹೋದ ಸಲ ಬರೂದಕ್ಕಿಂತ ಮೊದಲ ಒಡದಿತ್ತಪಾ. ದೇವರ ಹತ್ರ ಒಡದ ಗಾಜ ಇಡಬಾರದು. ಅಥಣ್ಯಾಗ ಫೋಟೋಕ್ಕ ಗಾಜ ಹಾಕೂ ಭರಮೂನ ಕಡೆ ಕೊಯ್ಸಿ ತಂದೆ. ಅದೂ ಒಡೀತು. ಇದು ದಪ್ಪಂದ ಐತಿ, ತಡೀತೈತಿ."

"ನನಗ್ಯಾಕ ಹೇಳ್ಲಿಲ್ಲ?"

"ಗಾಜ ಒಡದದ್ದೂ ಸರಕಾರಕ್ಕ ತಿಳಸ್ತಾರೇನೋ, ಹುಚ್ಚಾ."

ಪಂಚರ ಹಿರಿಯ ಭೂಪಾಲ ಒಳಬಂದು ಮಂಟಪದ ನಡುವೆ ಜಮಖಾನೆ ಹಾಸಿಸತೊಡಗಿದ. ಇಂಜಿನಿಯರನ ಮಾತು ಕೇಳಿ ಐಗಳಿ ಊರಿನ ಮಂದಿಯೂ ಪ್ರವಚನಕ್ಕೆ ಧೈರ್ಯದಿಂದ ಬರುತ್ತಾರೆಂದ. "ನಮ್ಮ ಹುಡುಗ ನೋಡ್ಯಾನಂದ್ರ ಮುಗೀತು," ಎಂದು ಶ್ರೀಪಾಲನ ಬೆನ್ನು ತಟ್ಟಿದ. ಶ್ರೀಪಾಲ ಬಾಯಿ ತೆರೆದ. ಊರ ಹೊರಗೆ ಸ್ವಾಗತದ ಬಾಜಾ ಶುರುವಾಯಿತು. ಭೂಪಾಲ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಹೊರಗೆ ಓಡಿದ.

ಹೊರಗೆ ಮಳೆ ಹನಿಯತೊಡಗಿತ್ತು. ಚಪ್ಪಡಿಯ ಸಂದಿಯಿಂದ ಸಣ್ಣ ಗಾರೆಯ ಪುಡಿ ಜಮಖಾನೆಯ ಮೇಲೆ ಉದುರಿತು. ಚಂದ್ರಮತಿ ಅದನ್ನು ಸೆರಗಿನಿಂದ ಒರೆಸಿದಳು.

"ಅತ್ತಿ, ನೀ ಬಾಗಲ ಹತ್ರ ಕುಂಡ್ರು. ದಿನಾ."

"ಅಲ್ಲಿ ಮಹಾರಾಜರ ಮಾತ ಕೇಳಸೂದಿಲ್ಲೋ."

"ಕುಂಡ್ರು."

ಬಾಗಿಲ ಮೇಲೆ ಆ ಚಪ್ಪಡಿಗಳಿರಲಿಲ್ಲ. ಗಾಜು ಎರಡು ಸಲ ಒಡೆದಿತ್ತೆಂದು ಅವನು ಯಾರಿಗೂ ಹೇಳಲಿಲ್ಲ.