ಟವೆಲ್ ಹಾಕಿದ ಕುರ್ಚಿ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಹೊಲಿಗೆ ಮಿಷನ್ನಿನ ಸೂಜಿಗೆ ಸಿಗಲಿ. ಸ್ವಲ್ಪ ಉಪ್ಪುಖಾರ ಸೇರಿರಬಹುದು, ಅದು ಬೇರೆ ಮಾತು. ಆದರೆ ಕುರ್ಚಿ ನಿಜ, ಟವೆಲ್ಲೂ ನಿಜ.

ಒಂದು ಬೀದಿ, ಮೂವತ್ತೆರಡು ಮನೆ. ನಡುವೆ ಒಬ್ಬ ದರ್ಜಿಯ ಮನೆ. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲೇ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಹಾಗಾಗಿ ಅವನು ಎಲ್ಲರ ಬಾಯಲ್ಲೂ ಟೇಪಣ್ಣ. ಕೈ ಎಷ್ಟು ಚುರುಕೆಂದರೆ, ಗಿರಾಕಿ ಅಂಗಿ ಕೊಟ್ಟು ಸೀನಿದರೆ, ಮೂಗು ಒರೆಸಿಕೊಳ್ಳುವಷ್ಟರಲ್ಲಿ ಕಾಲರ್ ಬದಲಾಗಿರುತ್ತಿತ್ತು.

ಮುಂದಿನ ಕೋಣೆಯಲ್ಲಿ ಮಿಷನ್ನು. ಹೊಸ್ತಿಲಾಚೆ ಮೆಟ್ಟಿಲ ಮೇಲೆ ಅವನ ಅಮ್ಮ. ಅಮ್ಮನಿಗೆ ಕಣ್ಣು ಮಂಜು. ಆದರೂ ಬೆರಳಲ್ಲೇ ತಡವಿ ಗುಂಡಿ ಹೊಲಿಯುತ್ತಿದ್ದಳು. ಹೆಜ್ಜೆ ಸಪ್ಪಳ ಕೇಳಿಯೇ ಯಾರೆಂದು ಹೇಳುತ್ತಿದ್ದಳು. "ಏನಮ್ಮಾ, ಹೊಸ ಚಪ್ಪಲಿ ಕಚ್ತಾ ಇದೆಯಾ?" "ಏನಪ್ಪಾ, ಇವತ್ತು ಓಡ್ತಿದ್ದೀಯ, ಲೇಟಾಯ್ತಾ?" ದಿನವಿಡೀ ಹೀಗೇ. ಅಮ್ಮನ ಪ್ರಪಂಚವೆಲ್ಲ ಆ ಮೆಟ್ಟಿಲ ಮುಂದೆಯೇ ಹಾದುಹೋಗುತ್ತಿತ್ತು.

ಬೀದಿಗೊಂದು ನಿವಾಸಿಗಳ ಸಂಘವಿತ್ತು. ತಿಂಗಳ ಮೊದಲ ಭಾನುವಾರ ಸಂಜೆ, ನೀರಿನ ಟ್ಯಾಂಕಿನ ಕೆಳಗೆ ಸಭೆ. ಸಂಘಕ್ಕೆ ಸ್ವಂತ ಕುರ್ಚಿ ಇಲ್ಲ, ಮನೆಗೊಂದರಂತೆ ಅವರವರೇ ತರಬೇಕು. ಹದಿನೇಳು ಕುರ್ಚಿ ಆದರೆ ಸಭೆ ನಡೆಯುತ್ತದೆ, ಇಲ್ಲದಿದ್ದರೆ ಮುಂದಿನ ತಿಂಗಳು.

ಕಾರ್ಯದರ್ಶಿ ನಿವೃತ್ತ ಬಸ್ ಕಂಡಕ್ಟರ್. ಎಲ್ಲರಿಗೂ ಕಂಡಕ್ಟರ್ ಮಾವ. ಮೂವತ್ತು ವರ್ಷ ಸೀಟು ಎಣಿಸಿದ ಮನುಷ್ಯ, ತಲೆ ಎಣಿಸಿ ಅಭ್ಯಾಸವಿಲ್ಲ. ಸಭೆ ಶುರು ಮಾಡುವಾಗ ಸೀಟಿ ಊದಿ "ರೈಟ್!" ಅನ್ನುತ್ತಿದ್ದ. ಅವನದೊಂದು ಕಾನೂನಿತ್ತು. ಟವೆಲ್ ಹಾಕಿದ ಸೀಟು ಭರ್ತಿಯಾದ ಸೀಟು.

ಟೇಪಣ್ಣನಿಗೆ ಇದಕ್ಕಿಂತ ಅನುಕೂಲ ಬೇಕೇ? ಕುರ್ಚಿ ಇಟ್ಟು, ಟವೆಲ್ ಎಸೆದು, ವಾಪಸ್ ಬಂದು ಮಿಷನ್ ತುಳಿಯುತ್ತಿದ್ದ.

ಎದುರು ಮನೆಯಲ್ಲಿ ಒಬ್ಬ ನರ್ಸಕ್ಕ. ಒಂದು ಸಭೆಯ ಸಂಜೆ, ಆಸ್ಪತ್ರೆ ಡ್ಯೂಟಿಗೆ ಹೊರಟವಳು ನಿಂತು ಕೇಳಿದಳು.

"ಟೇಪಣ್ಣ, ನಿನ್ನ ಕುರ್ಚಿ ಸಭೆಗೆ ಹೋಯ್ತು. ನೀನು?"

"ಅಯ್ಯೋ ಬಿಡಕ್ಕ. ಅಲ್ಲಿ ಮಾತಾಡೋರು ನಾಲ್ಕು ಜನ, ಉಳಿದೋರು ಆಕಳಿಸ್ತಾರೆ. ಆಕಳಿಸೋಕೆ ಕುರ್ಚಿ ಸಾಕು."

"ಕುರ್ಚಿಗೆ ಬಾಯಿಲ್ವಲ್ಲೋ!"

"ಅದಕ್ಕೇ ಜಗಳ ಆಡಲ್ಲ. ನನಗಿಂತ ಒಳ್ಳೆ ಸದಸ್ಯ ಅದು."

ಮೆಟ್ಟಿಲ ಮೇಲಿಂದ ಅಮ್ಮ ಅಂದಳು, "ಹಾಗಾದ್ರೆ ಇವತ್ತಿಂದ ಊಟಾನೂ ಕುರ್ಚಿಗೇ ಹಾಕ್ತೀನಿ."

ನರ್ಸಕ್ಕ ನಗುತ್ತಾ ಹೋದಳು. ಟೇಪಣ್ಣನೂ ನಕ್ಕ. ಆ ನಗು ಎರಡೇ ದಿನ ಬಾಳಿತು.

ಮೂರನೇ ದಿನ ಬೆಳಿಗ್ಗೆ ಒಂದು ಲಾರಿ ಬಂತು. ನಾಲ್ಕು ಜನ ಸೇರಿ ಆಳೆತ್ತರದ ಕಬ್ಬಿಣದ ಕಸದ ತೊಟ್ಟಿಯೊಂದನ್ನು ಇಳಿಸಿ, ಅಮ್ಮನ ಮೆಟ್ಟಿಲಿಗೆ ಒತ್ತಿದಂತೆ ಇಟ್ಟು ಹೋದರು.

ಮಧ್ಯಾಹ್ನದ ಹೊತ್ತಿಗೆ ಮೂವತ್ತೆರಡು ಮನೆಯ ಕಸ ಅಲ್ಲಿ ಸೇರಿತು. ವಾಸನೆ ಹೇಗಿತ್ತೆಂದರೆ, ಹೊಲಿದು ತೂಗುಹಾಕಿದ್ದ ಕೋಟೊಂದು ತಾನಾಗಿಯೇ ಇಳಿದು ಒಳಕೋಣೆಗೆ ನಡೆದುಹೋಯಿತಂತೆ. ನಾನು ನೋಡಲಿಲ್ಲ. ನೋಡದ್ದನ್ನು ನೋಡಿದೆ ಅನ್ನುವವನು ನಾನಲ್ಲ. ನೊಣಗಳನ್ನು ಮಾತ್ರ ನೋಡಿದೆ. ಅಳತೆ ಕೊಡಲು ಬಂದ ಗಿರಾಕಿಗಳಂತೆ ಸಾಲಾಗಿ ನಿಂತಿದ್ದವು.

ಸಂಜೆ ಅಮ್ಮ ಗುಂಡಿ ಡಬ್ಬಿ ಎತ್ತಿಕೊಂಡು ಎದ್ದಳು.

"ನನ್ನನ್ನ ಹಿಂದಿನ ಕೋಣೆಗೆ ಕರ್ಕೊಂಡು ಹೋಗಪ್ಪ."

"ವಾಸನೆನಾ ಅಮ್ಮ?"

"ವಾಸನೆ ಏನಿಲ್ಲ. ಇಲ್ಲಿ ಗಾಳಿ ಜಾಸ್ತಿ, ಅಷ್ಟೆ."

ಹಿಂದಿನ ಕೋಣೆಗೆ ಬೀದಿಯ ಒಂದು ಹೆಜ್ಜೆಯೂ ಕೇಳಿಸುತ್ತಿರಲಿಲ್ಲ. ಮರುದಿನ ಇಡೀ ಹಗಲು ಅಮ್ಮ ಒಂದು ಮಾತೂ ಆಡಲಿಲ್ಲ. ಟೇಪಣ್ಣ ಮಿಷನ್ ನಿಲ್ಲಿಸಿ ಕಿವಿಗೊಟ್ಟ. ಮನೆ ಇಷ್ಟು ಸುಮ್ಮನಿದ್ದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸೀದಾ ಕಂಡಕ್ಟರ್ ಮಾವನ ಮನೆಗೆ ಹೋದ.

"ಮಾವ, ಯಾರನ್ನ ಕೇಳಿ ನಮ್ಮ ಬಾಗಿಲಿಗೆ ತೊಟ್ಟಿ ಇಟ್ರಿ?"

ಮಾವ ಕನ್ನಡಕ ಹಾಕಿಕೊಂಡು ಸಭೆಯ ಪುಸ್ತಕ ತೆಗೆದ. "ನಿನ್ನನ್ನೇ ಕೇಳಿದ್ವಲ್ಲ! ನೋಡು, ಹದಿನೇಳು ಕುರ್ಚಿ. ಹದಿನಾರು ಮನೆಯೋರು 'ನಮ್ಮ ಬಾಗಿಲಿಗೆ ಬೇಡ' ಅಂದ್ರು. ಬಾರದೇ ಇರೋರ ಬಾಗಿಲಿಗೆ ಇಡೋಣ ಅಂದ್ರೆ ಒಪ್ಪಿಗೆ ಯಾರು ಕೊಡ್ತಾರೆ? ಉಳಿದದ್ದು ನಿನ್ನ ಕುರ್ಚಿ. ಬಂದೂ ಇತ್ತು, ಬೇಡ ಅಂತಲೂ ಅನ್ನಲಿಲ್ಲ. ಮೂರು ಸಲ ಕೇಳಿದೆ ಕಣಯ್ಯ, ಎದುರಿಗೆ ನಿಂತು!"

"ಕುರ್ಚಿ ಹೇಗೆ ಮಾತಾಡುತ್ತೆ ಮಾವ?"

"ಅದನ್ನ ನೀನು ಕಳಿಸೋ ಮೊದಲು ಯೋಚಿಸಬೇಕಿತ್ತು."

"ತೊಟ್ಟಿ ವಿಷಯ ಬರುತ್ತೆ ಅಂತ ನನಗೆ ಹೇಳಿದ್ರಾ?"

"ಮನೆಮನೆಗೂ ಚೀಟಿ ಹಾಕಿದ್ದೆ. ನಿನ್ನ ಬಾಗಿಲ ಸಂದೀಲಿ ನಾನೇ ತೂರಿಸಿದ್ದು!"

ಟೇಪಣ್ಣ ಮನೆಗೆ ಬಂದು ಹುಡುಕಿದ. ಚೀಟಿ ಸಿಕ್ಕಿತು. ಗಟ್ಟಿ ಕಾಗದ ಅಂತ ಅವನೇ ಅದನ್ನು ಕಾಲರ್ ಆಕಾರಕ್ಕೆ ಕತ್ತರಿಸಿಟ್ಟಿದ್ದ. ಕಾಲರಿನ ಒಂದು ತುದಿಯಲ್ಲಿ "ಕಸದ" ಅಂತಿತ್ತು, ಇನ್ನೊಂದು ತುದಿಯಲ್ಲಿ "ತಪ್ಪದೆ ಬನ್ನಿ". ಅದೇ ಅಳತೆಗೆ ಒಂಬತ್ತು ಅಂಗಿ ಹೊಲಿದು ಕೊಟ್ಟೂ ಆಗಿತ್ತು.

ಡ್ಯೂಟಿ ಮುಗಿಸಿ ಬಂದ ನರ್ಸಕ್ಕನ ಮುಂದೆ ಕೂಗಾಡಿದ. "ನಿಮ್ಮ ಯಜಮಾನರು ಸಭೇಲಿದ್ರಲ್ಲ ಅಕ್ಕ, ನಮ್ಮ ಪರವಾಗಿ ಒಂದು ಮಾತು ಹೇಳಬಾರದಿತ್ತಾ?"

"ಹೇಳಬೇಕಿತ್ತು, ನಿಜ. ಮನೇಲಿ ನಾನೂ ಬೈದೆ. ಆದ್ರೆ ನಿಮ್ಮಮ್ಮ ಅಲ್ಲೇ ಕೂರ್ತಾರೆ, ಅವರಿಗೆ ಆ ಮೆಟ್ಟಿಲು ಎಷ್ಟು ಮುಖ್ಯ ಅಂತ ನಿನ್ನಷ್ಟು ಚೆನ್ನಾಗಿ ಇನ್ಯಾರು ಹೇಳ್ತಾರೆ?"

"ನಾಳೆ ಹೋಗಿ ತೊಟ್ಟೀನ ಉರುಳಿಸಿಬಿಡ್ತೀನಿ!"

"ಉರುಳಿಸು. ಕಸ ಎಲ್ಲಾ ನಿನ್ನ ಬಾಗಿಲಿಗೇ ಬೀಳುತ್ತೆ." ನರ್ಸಕ್ಕ ಒಂದು ಹಾಳೆ ತೆಗೆದಳು. "ಸಭೇಲಿ ಆದ ತೀರ್ಮಾನ ಸಭೇಲೇ ಬದಲಾಗಬೇಕು. ನಮ್ಮ ಸಂಘದ ನಿಯಮದಲ್ಲಿ ಅದಕ್ಕೆ ದಾರಿ ಇದೆ. ಅರ್ಜಿ ಬರಿ, ಮೂರು ಮನೆಯೋರ ಸಹಿ ಹಾಕಿಸು, ಸಭೆಗೆ ಒಂದು ವಾರ ಮೊದಲು ಮಾವನಿಗೆ ಕೊಡು. ಆಗ ಅದನ್ನ ಚರ್ಚೆಗೆ ತಗೊಳ್ಳಲೇಬೇಕು."

"ನಮ್ಮ ಬಾಗಿಲಿಂದ ತೆಗೀರಿ ಅಂತ ಬರೀಲಾ?"

"ಅಷ್ಟೇ ಬರೆದ್ರೆ 'ಎಲ್ಲಿಗೆ?' ಅಂತಾರೆ. ಅದಕ್ಕೂ ಉತ್ತರ ಇಟ್ಕೋ. ಅಳತೆ ತಗೊಳ್ಳದೆ ಬಟ್ಟೆಗೆ ಕತ್ತರಿ ಹಾಕ್ತೀಯಾ ನೀನು?"

ಆ ಮಾತು ಟೇಪಣ್ಣನ ತಲೆಗೆ ನಾಟಿತು. ಮರುದಿನ ಕೊರಳಿನ ಟೇಪು ತೆಗೆದು, ಮೊಣಕಾಲೂರಿ, ಬೀದಿಯನ್ನು ಅಳೆಯಲು ಶುರುಮಾಡಿದ. ಅರವತ್ತು ಇಂಚಿನ ಟೇಪು, ಇನ್ನೂರು ಗಜದ ಬೀದಿ! ಮೂರು ನಾಯಿ, ಒಂದು ಬೆಕ್ಕು ಹಿಂದೆಯೇ ಬಂದವು. ಅವನು ಮೈಮರೆತು ಬೆಕ್ಕಿಗೂ ಸೊಂಟದ ಅಳತೆ ತೆಗೆದ ಎನ್ನುತ್ತಾರೆ.

ಅಳೆಯುತ್ತಾ ಪ್ರತಿ ಬಾಗಿಲಲ್ಲೂ ಮಾತಾಡಿಸಿದ. ಒಂದು ಮನೆಯಲ್ಲಿ ಉಬ್ಬಸದ ಅಜ್ಜ. ಇನ್ನೊಂದರಲ್ಲಿ ಹಾಲು ಕುಡಿಯುವ ಕೂಸು. ಬೇಡ ಅಂದವರಿಗೆಲ್ಲ ಬೇಡ ಅನ್ನಲು ಕಾರಣವಿತ್ತು. ಕೊನೆಗೆ ಎಲ್ಲರೂ ದನಿ ಇಳಿಸಿ ಒಂದೇ ಮಾತು ಹೇಳಿದರು.

"ಟ್ಯಾಂಕಿನ ಹತ್ತಿರ, ಪಂಪಿನ ಕೋಣೆ ಪಕ್ಕದ ಜಾಗ ಸರಿಯಾಗಿದೆ. ಆದ್ರೆ ಮಾವನಿಗೆ ಹೇಳೋರು ಯಾರು?"

ವಿಷಯ ಇಷ್ಟೇ. ಮಾವ ದುಡಿದ ಬಸ್ಸು ಗುಜರಿಗೆ ಹೋದಾಗ, ಅದರ ಮೂರು ಜನರ ಸೀಟೊಂದನ್ನು ತಂದು ಅಲ್ಲಿ ಹಾಕಿಕೊಂಡಿದ್ದ. ಮಧ್ಯಾಹ್ನ ಅದರ ಮೇಲೆ ಮಲಗಿದರೆ ಗೊರಕೆಗೆ ಟ್ಯಾಂಕಿನ ನೀರು ತೆರೆಯೇಳುತ್ತಿತ್ತು. ಹದಿನಾರು ಮನೆಯವರ ಮನಸ್ಸಿನಲ್ಲೂ ಆ ಜಾಗವಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬಾಯಿಲ್ಲದ್ದು ತನ್ನ ಕುರ್ಚಿ ಒಂದಕ್ಕೇ ಅಲ್ಲ ಅಂತ ಟೇಪಣ್ಣನಿಗೆ ಅವತ್ತು ತಿಳಿಯಿತು.

ತೊಟ್ಟಿ ತೆಗೆಯಬೇಕು ಎಂದಷ್ಟೇ ಅರ್ಜಿ ಬರೆದು, ಮೂರು ಸಹಿ ಹಾಕಿಸಿ, ವಾರ ಮೊದಲೇ ಮಾವನಿಗೆ ಕೊಟ್ಟ; ಎಲ್ಲಿಗೆ ಎಂಬುದನ್ನು ಸಭೆಗೆ ಉಳಿಸಿಕೊಂಡ. ಮುಂದಿನ ತಿಂಗಳ ಭಾನುವಾರ ಬಂತು. ಟೇಪಣ್ಣ ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಅಮ್ಮನ ಕೈ ಹಿಡಿದು ಬಂದ. ಟವೆಲ್ ಹಾಕುತ್ತಿದ್ದ ಕುರ್ಚಿಯ ಮೇಲೆ ಅಮ್ಮ ಕೂತಳು. ಮನೆಮನೆಗೆ ಹೋಗಿ ಕರೆದಿದ್ದರಿಂದ ಇಪ್ಪತ್ತಾರು ಮನೆಯವರು ಬಂದಿದ್ದರು.

ಸೀಟಿ ಕೂಗಿತು. ಮಾವ ಅರ್ಜಿ ಓದಿ, "ಮಾತಾಡಪ್ಪ" ಅಂದ. ಟೇಪಣ್ಣ ಎದ್ದು ನಿಂತ. ಕೊರಳ ಟೇಪನ್ನು ಹಿಡಿದುಕೊಂಡ.

"ಪಂಪಿನ ಕೋಣೆಯಿಂದ ಹತ್ತಿರದ ಮನೆ ಬಾಗಿಲಿಗೆ ಹನ್ನೆರಡು ಟೇಪು ದೂರ. ಲಾರಿ ತಿರುಗೋಕೆ ಜಾಗ ಇದೆ, ಡ್ರೈವರನ್ನೂ ಕೇಳಿದೀನಿ. ತೊಟ್ಟಿಗೆ ಬೇಕಾಗಿರೋದು ಎರಡು ಟೇಪು. ಆದ್ರೆ ಅಲ್ಲಿ... ಒಂದು ಸಾಮಾನಿದೆ."

ಎಲ್ಲರೂ ಒಟ್ಟಿಗೆ ಆಕಾಶ ನೋಡಿದರು.

"ಯಾರದಯ್ಯ ಸಾಮಾನು? ಎತ್ತಿಸಿಬಿಡೋಣ!" ಅಂದ ಮಾವ.

"ನಿಮ್ಮದೇ ಮಾವ. ಬಸ್ಸಿನ ಸೀಟು."

ಮಾವ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ?"

ಎಲ್ಲರೂ ಮತ್ತೆ ಆಕಾಶ ನೋಡಿದರು. ಕೊನೆಗೆ ಟೇಪಣ್ಣನ ಅಮ್ಮ ಮಾತಾಡಿದಳು. ಮೂರು ವಾರದ ಮೇಲೆ ಆಡಿದ ಜೋರು ಮಾತು.

"ಅಣ್ಣ, ಆ ಸೀಟು ಬಿಸಾಡಬೇಡಿ. ತೊಟ್ಟಿ ಎದ್ದ ಜಾಗದಲ್ಲಿ, ನಮ್ಮ ಮೆಟ್ಟಿಲ ಪಕ್ಕ ಹಾಕಿ. ಕಲ್ಲಿನ ಮೇಲೆ ಕೂತು ಕೂತು ನನಗೂ ಸೊಂಟ ಹೋಗಿದೆ. ಮೂರು ಜನರ ಸೀಟು ತಾನೆ? ಒಂದು ನಿಮಗೆ, ಒಂದು ನನಗೆ, ಇನ್ನೊಂದು ದಾರೀಲಿ ಹೋಗೋರಿಗೆ."

ಮಾವ ಸೀಟಿಯನ್ನು ಜೇಬಿಗೆ ಹಾಕಿಕೊಂಡ. "ಕಿಟಕಿ ಪಕ್ಕದ್ದು ನನಗೆ" ಅಂದ.

"ಕಿಟಕಿ ಎಲ್ಲಿದೆ ಅಣ್ಣ?"

"ಇದೆ ಅಂದ್ಕೊಳ್ಳಿ."

ಸಭೆಯೆಲ್ಲ ಹೋ ಎಂದು ನಕ್ಕಿತು. ಕೈ ಎತ್ತಲು ಹೇಳಿದರು. ಇಪ್ಪತ್ತಮೂರು ಕೈ ಮೇಲೆ, ಮೂರು ಕೈ ಕೆಳಗೆ. ಮಾವ ಮೊದಲ ಬಾರಿ ಸೀಟು ಬಿಟ್ಟು ಕೈ ಎಣಿಸಿ ಪುಸ್ತಕದಲ್ಲಿ ಬರೆದ. ಟವೆಲ್ ಹಾಕಿದ ಕುರ್ಚಿ ಇನ್ನು ಲೆಕ್ಕಕ್ಕಿಲ್ಲ ಅಂತಲೂ ಅವತ್ತೇ ತೀರ್ಮಾನವಾಯಿತು.

ಎಲ್ಲವೂ ಟೇಪಣ್ಣನ ಇಷ್ಟದಂತೆ ಆಯಿತು ಅಂದುಕೊಳ್ಳಬೇಡಿ. ಚರಂಡಿ ಸ್ವಚ್ಛ ಮಾಡಲು ಎಲ್ಲರೂ ಶನಿವಾರ ಬೆಳಿಗ್ಗೆ ಸೇರಬೇಕು ಎಂಬ ಮಾತು ಬಂತು. "ಶನಿವಾರ ನನಗೆ ಗಿರಾಕಿ ಜಾಸ್ತಿ, ಬೇಡ" ಅಂದ. ನಾಲ್ಕೇ ಕೈ ಅವನ ಕಡೆ ಎದ್ದವು. ಸೋತ. ಗೊಣಗುತ್ತಲೇ ಶನಿವಾರ ಗುದ್ದಲಿ ಹಿಡಿದು ಬಂದ.

"ಸೋತೂ ಬಂದೆಯಲ್ಲೋ!" ಅಂದಳು ನರ್ಸಕ್ಕ.

"ಬರದೆ ಏನಕ್ಕ? ನನ್ನ ಮಾತು ಕೇಳಿಸ್ಕೊಂಡ್ರು, ಅವರ ಮಾತು ನಾನೂ ಕೇಳಿಸ್ಕೊಂಡೆ. ಕುರ್ಚಿ ಕಳಿಸ್ತಿದ್ದಾಗ ಎರಡೂ ಇರಲಿಲ್ಲ."

ಈಗ ಆ ಮೆಟ್ಟಿಲ ಪಕ್ಕ ಬಸ್ಸಿನ ಸೀಟಿದೆ. ಅಮ್ಮ ಗುಂಡಿ ಹೊಲಿಯುತ್ತಾಳೆ, ಹೆಜ್ಜೆ ಕೇಳಿ ಮಾತಾಡಿಸುತ್ತಾಳೆ. ಇಲ್ಲದ ಕಿಟಕಿಗೆ ತಲೆಯೊರಗಿಸಿ ಮಾವ ಗೊರಕೆ ಹೊಡೆಯುತ್ತಾನೆ.

ನಿಮ್ಮ ಬೀದಿಗೂ ಒಂದು ಸಂಘ ಇದೆ ಅಲ್ಲವೇ? ಅವರು ಕಳಿಸುವ ಚೀಟಿಯನ್ನು ಕತ್ತರಿಸುವ ಮೊದಲು ಓದಿ. ಸಭೆಗೆ ನೀವೇ ಹೋಗಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ತೊಂದರೆ ಹೇಳುವಾಗ ಒಂದು ದಾರಿಯನ್ನೂ ಹೇಳಿ. ಬರೆದ ತೀರ್ಮಾನವನ್ನು ಓದಿಸಿಕೊಂಡು ಬನ್ನಿ.

ಸರಿ, ಈ ಕಥೆ ಸುಳ್ಳು ಅನ್ನುವವರು ಒಮ್ಮೆ ಕೈ ಎತ್ತಿ ನೋಡೋಣ. ಎತ್ತಿದಿರಾ? ಭಲೇ! ಕೈ ಎತ್ತಲು ಬರುತ್ತದೆ ಅಂತಾಯಿತು. ಅದೇ ಕೈಯನ್ನು ಮುಂದಿನ ಸಭೆಗೆ ತನ್ನಿ. ಬರುವಾಗ ಎರಡು ಕುರ್ಚಿ ಹೊತ್ತು ತನ್ನಿ, ಒಂದು ನನಗೆ. ನಿಂತು ಕಥೆ ಹೇಳಿ ಹೇಳಿ ನನ್ನ ಕಾಲು ಬಿದ್ದುಹೋಗಿದೆ. ಟವೆಲ್ ಮಾತ್ರ ಮನೆಯಲ್ಲೇ ಇರಲಿ.