ಸಿತಾರಾ ನೀರು ಕುಡಿದ ತೊಟ್ಟಿ

ದನದ ದವಾಖಾನೆಯ ಡಾಕ್ಟರ್ ಶ್ರೀನಿವಾಸರಾಯರು ಕಮಲಾಪುರಕ್ಕೆ ಹೋಗಲು ಅಂಬಣ್ಣನ ಟಾಂಗಾ ಹಿಡಿದರು. ಕಲಬುರಗಿಯ ದವಸದ ಪೇಟೆಯಾದ ಗಂಜಿನ ಟಾಂಗಾ ಅಡ್ಡಾದಲ್ಲಿ ಕೆಮ್ಮದೆ ಉಳಿದಿದ್ದ ಕುದುರೆ ಅವನ ಸಿತಾರಾ ಒಂದೇ. ಪೊಲೀಸ್ ಆ್ಯಕ್ಷನ್ ಆದಮೇಲೆ ಸರ್ಕಾರ ನಿಜಾಮನ ಫೌಜಿನ ಹಳೆಯ ಕುದುರೆಗಳನ್ನು ಹರಾಜು ಹಾಕುತ್ತಲೇ ಇತ್ತು. ಈ ಸಲದ ಹರಾಜಿನಲ್ಲಿ ಕೆಲವು ಗಂಜಿಗೆ ಬಂದವು, ಕೆಲವು ಕಮಲಾಪುರಕ್ಕೆ ಹೋದವು. ಎರಡೂ ಕಡೆ ಈಗ ಕುದುರೆಗಳು ಜ್ವರ ಬಂದು ಮೂಗು ಸುರಿಸುತ್ತ ನಿಂತಿದ್ದವು.

"ಇದಕ್ಕ ಔಷಧ ಏನ್ರಿ, ಸಾಹೇಬ್ರ?" ಅಂಬಣ್ಣ ಕೇಳಿದ.

"ಔಷಧ ಇಲ್ಲ. ನಮಗ ಫ್ಲೂ ಬರತದಲ್ಲ, ಹಂಗ ಇದು. ಕಣ್ಣಿಗೆ ಕಾಣದ ವಿಷಾಣು. ಒಂದು ಕೆಮ್ಮಿದ್ರ ಬಾಜೂ ನಿಂತದ್ದಕ್ಕ ಬಂತು. ಒಂದ ತೊಟ್ಟ್ಯಾಗ ಮೂಗು ಅದ್ದಿ ಕುಡದ್ರ ಎಲ್ಲಾಕ್ಕೂ ಬಂತು."

"ನಮ್ಮಾಕಿಗ್ಯಾಕ ಬಂದಿಲ್ಲ?"

ಡಾಕ್ಟರರು ಹೇಳಿದರು. "ಆಕಿ ಗಂಜಿನ ತೊಟ್ಟ್ಯಾಗ ಕುಡಿಯಂಗಿಲ್ಲಲ್ಲ."

"ಕುಡಿಯಂಗಿಲ್ಲ ಅಲ್ರಿ. ಕುಡಿಯಾಕ ಬಿಡಂಗಿಲ್ಲ."

ಸಿತಾರಾ ಒಂದು ಕಾಲದಲ್ಲಿ ಆ ತೊಟ್ಟಿಯಲ್ಲೇ ಕುಡಿಯುತ್ತಿತ್ತು. ಆಗ ಅದು ಅಕ್ಬರಿ ಬೇಗಂಳ ಗಂಡನ ಕುದುರೆ. ಪೊಲೀಸ್ ಆ್ಯಕ್ಷನ್ನಿನ ಗಲಾಟೆಯಲ್ಲಿ ಆತ ಹೋದವನು ತಿರುಗಿ ಬರಲಿಲ್ಲ. ಬೇಗಂ ಹೈದರಾಬಾದಿಗೆ ಹೊರಟಾಗ ಕುದುರೆಯನ್ನೂ ಟಾಂಗಾವನ್ನೂ ತಮ್ಮ ಲಾಯದಲ್ಲಿ ಲದ್ದಿ ಬಾಚುತ್ತಿದ್ದ ಅಂಬಣ್ಣನಿಗೆ ಬಿಟ್ಟುಹೋದಳು. ಮರುದಿನದಿಂದ ಅದೇ ಕುದುರೆಯ ಬಾಯಿ ಮೈಲಿಗೆಯಾಯಿತು. ತೊಟ್ಟಿ ಕಟ್ಟಿಸಿದ ಮನೆತನದ ವ್ಯಾಪಾರಿ ನೀಲಕಂಠಪ್ಪ, ಹೊಲೆಯರ ಕುದುರೆ ಇಲ್ಲಿ ಕುಡಿಯಬಾರದು ಎಂದ. ಅಂಬಣ್ಣ ಅರ್ಜಿ ಕೊಟ್ಟ, ಕಚೇರಿ ಅಲೆದ. ಈಗ ಕಾನೂನು ಬದಲಾಗಿತ್ತು. ಬರುವ ಸೋಮವಾರ ತಹಸೀಲ್ದಾರರೇ ಬಂದು ಎಲ್ಲರೆದುರು ಸಿತಾರಾಗೆ ಅಲ್ಲಿ ನೀರು ಕುಡಿಸುವುದೆಂದು ನಿಕ್ಕಿಯಾಗಿತ್ತು.

"ಸೋಮವಾರ ಆಕಿನ್ನ ಒಯ್ಯಬ್ಯಾಡ, ಅಂಬಣ್ಣ," ಎಂದರು ಡಾಕ್ಟರರು. "ಈ ರೋಗಕ್ಕ ಒಂದ ದಾರಿ. ದೂರ ಇಡಬೇಕು. ಬ್ಯಾರೆ ಜಾಗಾ, ಬ್ಯಾರೆ ಬಕೆಟ್."

ಅಂಬಣ್ಣ ಲಗಾಮು ಜಗ್ಗಿದ.

ಕಮಲಾಪುರದಲ್ಲಿ ಡಾಕ್ಟರರು ಮನೆ ಮನೆ ತಿರುಗಿ ಅದನ್ನೇ ಹೇಳಿದರು. ಸಿತಾರಾನನ್ನು ಊರ ಹೊರಗೆ ಕಟ್ಟಿಸಿದರು. ಊಟ ಅವರ ಸೋದರತ್ತೆ ತುಂಗಾಬಾಯಿಯ ಮನೆಯಲ್ಲಿ. ಅಂಬಣ್ಣನಿಗೆ ಅಂಗಳದಾಚೆ ಎಲೆ ಹಾಕಿದರು. ಅವನು ಬೊಗಸೆ ಒಡ್ಡಿದ, ಮುದುಕಿ ಎತ್ತರದಿಂದ ನೀರು ಹೊಯ್ದಳು. "ಇನ್ನಾ ದೂರ ಸರಿಯೋ, ಸಿಡೀತದ," ಎಂದಳು. ಡಾಕ್ಟರರು ಒಳಗೆ ಮಜ್ಜಿಗೆ ಅನ್ನ ಕಲಸುತ್ತಿದ್ದರು. ಅವರಿಗೆ ಅದು ಕೇಳಿಸಿತು. ತಲೆ ಎತ್ತಲಿಲ್ಲ.

ಕಲಬುರಗಿಗೆ ಮರಳಿದಾಗ ಡಾಕ್ಟರರ ಮಾತು ಆಗಲೇ ಗಂಜಿಗೆ ಮುಟ್ಟಿತ್ತು. ನೀಲಕಂಠಪ್ಪ ಅಲ್ಲಿ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದ. "ನಂದೇನೂ ತಕರಾರಿಲ್ಲಪಾ. ಡಾಕ್ಟರೇ ಬ್ಯಾಡ ಅಂದ್ರ ನಾನೇನ ಮಾಡ್ಲಿ? ಮುಂದ ನೋಡೂಣು."

ಅಂಬಣ್ಣ ಮನೆಗೆ ಬಂದು ಹೆಂಡತಿ ಗುಂಡಮ್ಮನಿಗೆ ಹೇಳಿದ. "ಇಷ್ಟು ವರ್ಷ ಇಲ್ಲದ ರೋಗ, ನಾವು ತೊಟ್ಟಿ ಮುಟ್ಟೂ ವಾರಾನೇ ಬಂತಂತ."

"ಕುದುರಿ ಕೆಮ್ಮೂದು ಖರೇನ ಅದಲ್ರಿ. ನಾನೂ ನೋಡೀನಿ."

"ಕೆಮ್ಮತಾವ. ಹರಾಜಿನ ಕುದುರಿ ಧೂಳಕ್ಕೂ ಕೆಮ್ಮತಾವ."

"ಆಕಿಗೇನರ ಆದ್ರ ನಾವು ಏನ ತಿನ್ನೂದು? ತೊಟ್ಟಿ ಕಲ್ಲ ತಿನ್ನೂದೇನು?"

"ಈ ಸೋಮವಾರ ಬಿಟ್ರ ಇನ್ನೊಂದು ಸೋಮವಾರ ಬರಂಗಿಲ್ಲ," ಎಂದು ಅಂಬಣ್ಣ ಗೋಡೆಯ ಕಡೆ ಹೊರಳಿ ಮಲಗಿದ.

ಸೋಮವಾರ ತಹಸೀಲ್ದಾರರು ಬಂದರು. ಡಾಕ್ಟರರ ಮಾತನ್ನು ಅವರೂ ಕೇಳಿದ್ದರು. "ಕುದುರಿ ನಿಂದು, ನೀನೇ ಹೇಳು," ಎಂದರು. ಅಂಬಣ್ಣ ಸಿತಾರಾನನ್ನು ಮುಂದೆ ನಡೆಸಿದ. ಅದು ಮೂಗಿನತನಕ ಮುಖ ಇಳಿಸಿ ಕುಡಿಯಿತು. ಯಾರೋ ಚಪ್ಪಾಳೆ ತಟ್ಟಿದರು. ಬಾಜೂ ನಿಂತ ಕುದುರೆಯೊಂದು ಕೆಮ್ಮಿತು.

ಗುರುವಾರ ಸಿತಾರಾಗೆ ಜ್ವರ. ಮೇವಿಗೆ ಮೂತಿ ಹಚ್ಚಲಿಲ್ಲ. ಕೆಮ್ಮಿದಾಗ ಪಕ್ಕೆಲುಬು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಸುದ್ದಿ ಗಂಜಿಗೆ ಮುಟ್ಟುವಷ್ಟರಲ್ಲಿ ತಿರುಗಿಕೊಂಡಿತ್ತು. ಅಂಬಣ್ಣನ ಕುದುರೆ ಬಾಯಿ ಹಾಕಿದ್ದಕ್ಕೇ ತೊಟ್ಟಿ ಕೆಟ್ಟಿತು, ಎಲ್ಲ ಕುದುರೆಗಳಿಗೂ ರೋಗ ಬಂತು ಎಂದು ಜನ ಹೇಳತೊಡಗಿದರು. ಅವರ ಕುದುರೆಗಳು ಅದಕ್ಕೂ ಮೊದಲಿನಿಂದ ಕೆಮ್ಮುತ್ತಿದ್ದುದನ್ನು ಯಾರೂ ನೆನೆಯಲಿಲ್ಲ.

ಡಾಕ್ಟರರು ತಾವೇ ಕೇರಿಗೆ ಬಂದರು. ಕುದುರೆಯ ಎದೆಗೆ ಕಿವಿ ಕೊಟ್ಟರು, ವಸಡು ನೋಡಿದರು.

"ಹೇಳಿದ್ನಲ್ಲೋ, ಒಯ್ಯಬ್ಯಾಡಂತ?"

"ಹೇಳಿದ್ರಿ. ದೂರ ಇಡು, ಬ್ಯಾರೆ ಇಡು ಅಂದ್ರಿ. ಹುಟ್ಟಿದಾಗಿಂದ ಆ ಮಾತ ಕೇಳೀನ್ರಿ. ಯಾವುದು ರೋಗದ್ದು, ಯಾವುದು ನಮ್ಮದು, ಹೆಂಗ ತಿಳೀಬೇಕು?"

ಡಾಕ್ಟರರು ಕುದುರೆಯ ಕಡೆ ತಿರುಗಿದರು. "ಜ್ವರ ಬಿಟ್ಟಮ್ಯಾಲೂ ಮೂರು ವಾರ ಟಾಂಗಾಕ್ಕ ಹೂಡಬ್ಯಾಡ. ಆರಾಮಾತು ಅಂತ ಹೂಡಿದ್ರ ಪುಪ್ಪುಸ ಕೆಟ್ಟು ಸಾಯತದ. ರೋಗಕ್ಕಿಂತ ದುಡಿಮಿಗೆ ಸತ್ತಿದ್ದ ಜಾಸ್ತಿ," ಎಂದರು. ಹೊರಗೆ ಬಂದು, ಚೀಲದಿಂದ ಸಾಬೂನು ತೆಗೆದು ಮೊಣಕೈತನಕ ತೊಳೆದುಕೊಂಡರು.

ಗುಂಡಮ್ಮ ನೋಡುತ್ತ ನಿಂತಿದ್ದಳು. "ಕುದುರಿ ಸಲುವಾಗಿ ತೊಳಕೊಂಡ್ರೇನ್ರಿ, ನಮ್ಮ ಸಲುವಾಗೇನ್ರಿ?"

"ಕುದುರಿ ಸಲುವಾಗೇ, ತಾಯಿ. ಇದರ ರೋಗ ನಾನ ಇನ್ನೊಂದಕ್ಕ ಒಯ್ಯಬಾರದು."

"ಹಂಗಾರ ನೀರು ಕುಡೀರಿ." ಅವಳು ಚರಿಗೆ ಚಾಚಿದಳು.

ಡಾಕ್ಟರರು ಚರಿಗೆ ನೋಡಿದರು. "ಕುಡದ ಬಂದೀನಿ," ಎಂದು ಸೈಕಲ್ ಹತ್ತಿದರು.

ಸಿತಾರಾನ ಜ್ವರ ಇಳಿಯಿತು. ಅದು ಮೇವು ಮುಟ್ಟತೊಡಗಿದಾಗ, ಉಳಿದವರು ಜ್ವರದಲ್ಲೂ ಹೂಡಿದ್ದ ಕುದುರೆಗಳಿನ್ನೂ ಚೇತರಿಸಿಕೊಳ್ಳದ ಕಾರಣ, ಕಮಲಾಪುರಕ್ಕೆ ಮದುವೆಯವರನ್ನು ಒಯ್ಯುವ ಬಾಡಿಗೆ ಅಂಬಣ್ಣನ ಬಾಗಿಲಿಗೇ ಬಂತು. ಮನೆಯಲ್ಲಿ ಜೋಳ ತೀರಿತ್ತು.

"ಆಗಂಗಿಲ್ಲ," ಎಂದು ಅಂಬಣ್ಣ ಕಳಿಸಿದ.

ಗುಂಡಮ್ಮ ನಕ್ಕಳು. "ಈಗ ನಂಬತೀರಿ ಹಂಗಾರ? ಆ ಮನಶ್ಯಾ ನಮ್ಮ ನೀರು ಕುಡೀಲಿಲ್ಲ."

"ಕುಡೀಲಿಲ್ಲ. ಕುದುರಿ ಮಾತು ಮಾತ್ರ ಖರೇ ಹೇಳ್ಯಾನ."

ಅವನು ಟವೆಲು ತಲೆಗೆ ಸುತ್ತಿ ಗಂಜಿಗೆ ಹಮಾಲಿಗೆ ಹೋದ. ತೊಗರಿ ಚೀಲ ಹೊತ್ತು ತೊಟ್ಟಿಯ ಮುಂದೆ ಹಾಯಬೇಕಾಗಿತ್ತು. ತೊಟ್ಟಿ ಬರಿದಾಗಿತ್ತು. ಒಳಗೆಲ್ಲ ಸುಣ್ಣ ಬಳಿದಿದ್ದರು. ಟಾಂಗಾದವರು ಈಗ ಮನೆಯಿಂದ ತಂತಮ್ಮ ಬಕೆಟ್ಟು ತರುತ್ತಿದ್ದರು.

"ಏನೋ ಅಂಬಣ್ಣ, ನೀರು ಸಿಹಿ ಇತ್ತೇನೋ?" ನೀಲಕಂಠಪ್ಪ ಅಂಗಡಿಯಿಂದ ಕೂಗಿದ.

ಚೀಲ ಭಾರವಿತ್ತು. ಅಂಬಣ್ಣ ನಿಲ್ಲಲಿಲ್ಲ. ಸಂಜೆ ಮನೆಗೆ ಬಂದು, ಸಿತಾರಾನ ಹಳೆಯ ಬಕೆಟ್ಟು ತಿಕ್ಕಿ, ನೀರು ತುಂಬಿ ಮುಂದಿಟ್ಟ. ಅದು ಸ್ವಲ್ಪ ಕುಡಿಯಿತು, ಕೆಮ್ಮಿತು, ಮತ್ತೆ ಕುಡಿಯಿತು.