ಬಿಚ್ಚಿದ ಹೊಲಿಗೆ

ಆ ಮಂಗಳವಾರ ಬೆಳಗ್ಗೆ ಮೆಕ್ಕೆಜೋಳದ ಹೊಲಗಳ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿ ನಿಂತಿತ್ತು. ಎಂಟಕ್ಕೆಲ್ಲ ಅದು ಕರಗಿ, ಒಹಾಯೋದ ಆಗಸ್ಟ್ ಬಿಸಿಲು ಬೆನ್ನು ಸುಡತೊಡಗಿತು. ಎಪ್ಪತ್ತೆಂಟರ ಆರ್ಫಾ ಸ್ಟುಟ್ಸ್‌ಮನ್ ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪ್ರಾರ್ಥನಾ ಮಂದಿರದ ದಾರಿ ಹಿಡಿದಳು. ಹಿತ್ತಿಲಲ್ಲಿ ಸೌತೆಯಂಥ ಜುಕಿನಿ ಗಿಡಗಳು ಹುಚ್ಚು ಹಿಡಿದಂತೆ ಕಾಯಿ ಬಿಡುವ ಕಾಲ. ಕಾರಿಗೆ ಬೀಗ ಹಾಕದೆ ಹೋದರೆ ಸಂಜೆಗೆ ಹಿಂದಿನ ಸೀಟಿನಲ್ಲಿ ಯಾರದೋ ಮನೆಯ ನಾಲ್ಕು ಜುಕಿನಿ ಕೂತಿರುತ್ತಿದ್ದವು. ಆರ್ಫಾ ಹಾಗೆ ಕಂಡವರ ಕಾರಿಗೆ ತುಂಬಿ ಓಡುವವಳಲ್ಲ. ಎಳೆಯದನ್ನು ತುರಿದು, ನೀರು ಹಿಂಡಿ, ದಾಲ್ಚಿನ್ನಿ ಬೆರೆಸಿ ಬ್ರೆಡ್ಡು ಬೇಯಿಸಿ ಒಯ್ಯುತ್ತಿದ್ದಳು.

ಮಂದಿರದ ಪಕ್ಕದ ಕೋಣೆಯಲ್ಲಿ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಹೆಂಗಸರು ವಾರಕ್ಕೊಮ್ಮೆ ಕೌದಿ ಹೊಲಿಯಲು ಸೇರುತ್ತಿದ್ದರು. ಕೌದಿಯನ್ನು ಮರದ ಚೌಕಟ್ಟಿಗೆ ಬಿಗಿದು ಎಂಟು ಮಂದಿ ಸುತ್ತ ಕೂರುವುದು, ಶರತ್ಕಾಲದ ಹರಾಜಿನಲ್ಲಿ ಅದನ್ನು ಮಾರಿ ಬಂದದ್ದನ್ನು ಯುದ್ಧಕ್ಕೆ ಮನೆ ಕಳೆದುಕೊಂಡವರಿಗೆ ಕಳಿಸುವುದು. ಗಂಡ ತೀರಿದ ಮೇಲೆ ದೇವರಿಗೆ ಕೊಡಲು ಆರ್ಫಾಳ ಬಳಿ ಉಳಿದದ್ದು ಈ ಹೊಲಿಗೆಯೊಂದೇ. ಕೈ ನಡುಗುತ್ತಿತ್ತು, ನಿಜ. ಆದರೂ ಸೂಜಿ ಮುಳುಗಿ ಎದ್ದಾಗಲೆಲ್ಲ ಕಾಣದ ಊರಿನ, ಕಾಣದ ಮಗುವೊಂದನ್ನು ನೆನೆದು ಪ್ರಾರ್ಥಿಸುತ್ತಿದ್ದಳು.

ಅಂದು ಅವಳು ಬೇಗ ಬಂದಿದ್ದಳು. ಒಳಗೆ ಹೊಲಿಗೆಯ ಮೇಲ್ವಿಚಾರಣೆ ನೋಡುವ ಎಲ್ವಾ ಒಬ್ಬಳೇ ಇದ್ದಳು. ಆರ್ಫಾ ಯಾವಾಗಲೂ ಕೂರುವ ಕಿಟಕಿ ಪಕ್ಕದ ಜಾಗದಲ್ಲಿ ಬಗ್ಗಿ, ಕತ್ತರಿಯ ತುದಿಯಿಂದ ಹೊಲಿಗೆ ಎತ್ತಿ ಎತ್ತಿ ಕೀಳುತ್ತಿದ್ದಳು. ನೆಲದ ಮೇಲೆ ದಾರದ ಚೂರುಗಳು ನುಚ್ಚಿನಂತೆ ಉದುರಿದ್ದವು.

"ಏನು ಮಾಡ್ತಿದ್ದೀಯ, ಎಲ್ವಾ?"

ಎಲ್ವಾ ಮೊದಲು ದಾರ ಸಡಿಲವಾಗಿತ್ತೆಂದಳು. ಕತ್ತರಿ ಕೆಳಗಿಡು ಎಂದಳು ಆರ್ಫಾ. ಆಗ ಎಲ್ವಾ ನಿಜ ಹೇಳಿದಳು. ಹರಾಜಿಗೆ ಬರುವವರು ಕನ್ನಡಕ ಏರಿಸಿ ಹೊಲಿಗೆ ಎಣಿಸುತ್ತಾರೆ, ಇಂಚಿಗೆ ಹತ್ತಾದರೂ ಬೇಕು, ಆರ್ಫಾಳದು ಆರು ದಾಟುವುದಿಲ್ಲ, ಅದೂ ಸೊಟ್ಟ. ಅದಕ್ಕೇ ಎರಡು ವರ್ಷದಿಂದ ಅವಳು ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾರೆ. ಎಲ್ಲರಿಗೂ ಗೊತ್ತು.

"ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ, ಅಕ್ಕಾ."

ಆರ್ಫಾಳ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಎರಡು ವರ್ಷದ ಪ್ರಾರ್ಥನೆಯನ್ನು ಇವರು ಪೊರಕೆಯಲ್ಲಿ ಗುಡಿಸಿ ಬಿಸಾಡಿದ್ದರು. ದೇವರ ತಟ್ಟೆಗೆ ಹಾಕಿದ ಕಾಣಿಕೆಯನ್ನು ಬೆನ್ನ ಹಿಂದೆ ಎತ್ತಿಕೊಂಡಿದ್ದರು. ಮತ್ತೆ ಇದೇ ಹೆಂಗಸರು ಪ್ರತಿ ವಾರ ಇನ್ನೊಂದು ಚೂರು ಬ್ರೆಡ್ಡಿಗೆ ಕೈ ಚಾಚುತ್ತಿದ್ದರು! ಎಲ್ಲರೂ ಬರಲಿ, ಎಲ್ಲರೆದುರೇ ಇವಳ ಮಾನ ಕಳೆಯುತ್ತೇನೆ ಅನ್ನಿಸಿತು. ಆದರೆ ತಪ್ಪು ಮಾಡಿದವರಿಗೆ ಮೊದಲು ಇಬ್ಬರ ನಡುವೆಯೇ ಹೇಳಬೇಕೆಂದು ಬೈಬಲ್ ಹೇಳುತ್ತದೆ. ಆರ್ಫಾ ಬಾಗಿಲು ಮುಚ್ಚಿದಳು.

"ಬ್ರೆಡ್ಡಿಗೆ ನಾನು ಬೇಕು, ಹೊಲಿಗೆಗೆ ಬೇಡ. ಬಾಯಿಬಿಟ್ಟು ಹೇಳಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಬಟ್ಟೆ ಕತ್ತರಿಸಿ ಕೊಡು ಅಂದಿದ್ರೆ ಕೊಡ್ತಿದ್ದೆ. ಗೊಂಬೆ ಥರ ಕೂರಿಸಿ ಆಟ ಆಡಿದ್ರಲ್ಲ."

ಹೇಳುತ್ತಲೇ ಕೌದಿಯ ಕಡೆ ನೋಡಿದಳು. ಕಿಟಕಿಯಿಂದ ಬಾಗಿಲವರೆಗೂ ಕಣ್ಣು ಹಾಯಿಸಿದಳು.

"ಹೋದ ವಾರ ನೀನು ಬಂದಿರಲಿಲ್ಲ, ಅಲ್ವಾ?"

ಇಲ್ಲ, ಸೊಸೆಯ ಮನೆಯಲ್ಲಿ ಪೀಚ್ ಹಣ್ಣು ಬಾಟಲಿಗೆ ತುಂಬುವ ಕೆಲಸವಿತ್ತು ಎಂದಳು ಎಲ್ವಾ.

"ವರ್ನಾಗೆ ಕಣ್ಣಿನ ಆಪರೇಷನ್ ಆಗಿದೆ, ಬೆಳಕು ಬೇಕು ಅಂದ್ಲು. ನನ್ನ ಜಾಗ ಬಿಟ್ಟುಕೊಟ್ಟೆ. ನೀನು ಕಿತ್ತಿರೋದು ವರ್ನಾ ಹೊಲಿಗೆ. ನಂದು ಅಗೋ, ಬಾಗಿಲ ಕಡೆ."

ಎಲ್ವಾಳ ಮುಖ ಸುಣ್ಣವಾಯಿತು. ವರ್ನಾ ಅವಳಿಗೆ ಸೂಜಿ ಹಿಡಿಯಲು ಕಲಿಸಿದವಳು, ಆ ಸೀಮೆಗೇ ಎತ್ತಿದ ಕೈ. ಬಾಗಿಲ ಕಡೆಯ ಹೊಲಿಗೆಗಳು ಇಂಚಿಗೆ ಆರರಂತೆ ಓಲಾಡುತ್ತ ಸಾಗಿದ್ದವು. ಬೆಳಗ್ಗೆ ಅವುಗಳ ಪಕ್ಕದಲ್ಲೇ ಹಾದುಬಂದಿದ್ದಳು ಎಲ್ವಾ.

"ನೀನು ಹೊಲಿಗೆ ನೋಡ್ಲಿಲ್ಲ ಕಣೇ. ಕುರ್ಚಿ ನೋಡ್ದೆ."

ಹೊರಗೆ ಕಾರುಗಳು ಬಂದು ನಿಂತವು. ಒಬ್ಬೊಬ್ಬರಾಗಿ ಹೆಂಗಸರು ಒಳಬಂದರು, ಕಪ್ಪು ಕನ್ನಡಕದ ವರ್ನಾಳೂ ಬಂದಳು. ಎಲ್ವಾ ಬೇಕಾದರೆ ಮುಚ್ಚಿಹಾಕಬಹುದಿತ್ತು. ಆದರೆ ಪ್ರಾರ್ಥನೆಗೆ ತಲೆಬಾಗುವ ಮೊದಲೇ ಎದ್ದುನಿಂತು, ಎರಡು ವರ್ಷದ್ದನ್ನೂ ಆ ಬೆಳಗಿನದನ್ನೂ ಒಂದೂ ಬಿಡದೆ ಹೇಳಿದಳು. ಹಲವರು ನೆಲ ನೋಡಿದರು.

ವರ್ನಾ ಬೋಳಾಗಿದ್ದ ಗೇಣಗಲ ಜಾಗವನ್ನು ಬೆರಳಲ್ಲಿ ಸವರಿದಳು. "ನಂದನ್ನೂ ಕಿತ್ತೆಯಾ? ನಾನೂ ಆರ್ಫಾಳ ಪಂಕ್ತಿಗೆ ಸೇರಿದೆ ಬಿಡು." ಯಾರೋ ಕಿಸಕ್ಕೆಂದರು. ಆರ್ಫಾ ನಗಲಿಲ್ಲ. ಸಿಟ್ಟು ಇನ್ನೂ ಆರಿರಲಿಲ್ಲ. ಅದಕ್ಕೆ ಅವಸರವೂ ಇರಲಿಲ್ಲ.

"ಇಲ್ಲಿ ಆರ್ಫಾನೇ ಹೊಲೀಲಿ," ಎಂದಳು ವರ್ನಾ.

ಎಲ್ವಾ ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿದಳು. ಆ ಬೋಳು ಜಾಗದ ಬಳಿ ಆರ್ಫಾಳನ್ನು ಕೂರಿಸಿ, ಸೂಜಿಯನ್ನು ಅವಳ ನಡುಗುವ ಬೆರಳುಗಳ ನಡುವೆ ಇಟ್ಟಳು.